ಸಹಾಯ ಬೇಕು: ಅಪ್ಪ-ಅಮ್ಮನ ಜೊತೆ ಆಂಡೊಂಗ್‌ಗೆ

ಎಲ್ಲರಿಗೂ ನಮಸ್ಕಾರ. ನಾನಿರೋದು ದಕ್ಷಿಣ ಕೊರಿಯಾದ ಸುವೊನ್‌ನಲ್ಲಿ. ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ರಾಜಧಾನಿ ಸೋಲ್‌ನ ಕಟ್ಟಡ ನೋಡಿ ಅಪ್ಪನಿಗೆ ಸಾಕಾಗಿದೆ, "ಗದ್ದೆ ತೋರಿಸೋ ಮಾರಾಯ" ಅಂತಾರೆ. ಹಾಗಾಗಿ ಶನಿವಾರ ವೇಗದ ರೈಲು ಕೆಟಿಎಕ್ಸ್‌ನಲ್ಲಿ ಆಂಡೊಂಗ್, ಅಲ್ಲಿಂದ ಹಹ್ವೆ ಹಳ್ಳಿ, ಹಳೇ ಮನೆಯೊಂದರಲ್ಲಿ ಒಂದು ರಾತ್ರಿ.

ದೊಡ್ಡ ಚಿಂತೆ ಊಟದ್ದು. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ. ಆಂಡೊಂಗ್ ಹೆಸರುವಾಸಿಯಾಗಿರೋದೇ ಕೋಳಿ ಜಿಮ್‌ದಾಕ್‌ಗೆ, ಉಪ್ಪು ಹಚ್ಚಿದ ಬಂಗುಡೆಗೆ! ತರಕಾರಿ ಕಲಸಿದ ಅನ್ನ ಬಿಬಿಂಬಾಪ್‌ನಲ್ಲಿ ಮಾಂಸ ಬೇಡ ಅಂದರೂ ಪಕ್ಕದ ಸೂಪಿಗೆ ಒಣಮೀನು, ಕಿಮ್ಚಿ ಅನ್ನೋ ಎಲೆಕೋಸಿನ ಉಪ್ಪಿನಕಾಯಿಗೆ ಮೀನಿನ ಸಾಸ್. ಆಂಡೊಂಗ್‌ನ ಬೊಂಗ್‌ಜೊಂಗ್‌ಸಾ ಬೌದ್ಧ ದೇವಾಲಯದಲ್ಲಿ ಯಾರಾದರೂ ಉಳಿದು ಊಟ ಮಾಡಿದ್ದೀರಾ? ಅಲ್ಲಿ ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರಲ್ಲವಲ್ಲ.

ಇನ್ನೊಂದು, ಹಹ್ವೆಯಿಂದ ಕೊನೇ ಬಸ್ಸು ತಪ್ಪಿದರೆ ಟ್ಯಾಕ್ಸಿ ಸಿಗುತ್ತಾ? ಅಪ್ಪನಿಗೆ ಮಂಡಿನೋವು, ನೆಲದ ಹಾಸಿಗೆ ಆಗಲ್ಲ. ಮಂಚ ಇರೋ ಮನೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ಗುರುವಾರದೊಳಗೆ ಬುಕ್ ಮಾಡಬೇಕು.