ಸ್ಕೇಲ್ ಇಟ್ಟು ಕ್ವಿಲ್ಟ್ ಹೊಲಿಯೋಕೆ ಹೋಗಿ ಮೂರು ಸೂಜಿ ಮುರಿದೆ

ದಾರದುಂಡೆ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಗಳಿಗೀಗ ಏಳು ತಿಂಗಳು. ಅಮ್ಮನ ಹಳೇ ಕಾಟನ್ ಸೀರೆಗಳನ್ನು ಕತ್ತರಿಸಿ ಜೋಡಿಸಿ ಮಗುವಿಗೆ ಒಂದು ಕ್ವಿಲ್ಟ್ ಮಾಡುತ್ತಿದ್ದೇನೆ. ಒಳಗೆ ತೆಳ್ಳಗಿನ ಹತ್ತಿ ಪದರ, ಕೆಳಗೆ ನಮ್ಮ ಯಜಮಾನರ ಹಳೇ ಪಂಚೆ. ಮೂರನ್ನೂ ಸೇರಿಸಿ ಮೇಲೆ ಬಳ್ಳಿ ಥರ ಹೊಲಿಯಬೇಕು. ಸುಮ್ನೆ ಕೈಯಲ್ಲೇ ಬಟ್ಟೆ ತಿರುಗಿಸಿದರೆ ನನ್ನ ಗೆರೆ ವಿ.ಸಿ. ನಾಲೆ ಹಾಗೆ ಎಲ್ಲೆಲ್ಲೋ ಹೋಗುತ್ತೆ.

ಬಾಗು ಅಂಚಿನ ಸ್ಕೇಲ್ ಇಟ್ಟು ಅದರ ಪಕ್ಕದಲ್ಲೇ ಹೊಲಿಯುವುದನ್ನು ವಿಡಿಯೋದಲ್ಲಿ ನೋಡಿ, ಬಟ್ಟೆ ಕತ್ತರಿಸೋ ತೆಳು ಸ್ಕೇಲನ್ನೇ ಇಟ್ಟೆ. ಅದು ಫುಟ್ (ಮಿಷನ್‌ನಲ್ಲಿ ಬಟ್ಟೆ ಒತ್ತಿ ಹಿಡಿಯೋ ಪಾದ) ಕೆಳಗೆ ನುಗ್ಗಿತು. ಟಕ್ ಅಂತ ಸೂಜಿ ಮುರಿದು ತುದಿ ಬಂದು ಕನ್ನಡಕಕ್ಕೆ ಬಡೀತು. ಇನ್ನೆರಡು ಸೂಜಿಯೂ ಹಾಗೇ ಹೋದವು. ಆಮೇಲೆ ಆನ್‌ಲೈನಿನಲ್ಲಿ 6 ಮಿ.ಮೀ. ದಪ್ಪದ ಸ್ಕೇಲ್ ತರಿಸಿದೆ. ಚಕ್ರ ಕೈಯಲ್ಲಿ ತಿರುಗಿಸಿ ನೋಡಿದರೆ ಸೂಜಿ ಕಟ್ಟಿರೋ ಸ್ಕ್ರೂ ಅದಕ್ಕೇ ತಾಗುತ್ತೆ! ವಾಪಸ್ ತಗೊಳ್ಳಲ್ವಂತೆ. ಮನೆ ಮಿಷನ್‌ನಲ್ಲಿ ಇದು ಆಗೋ ಕೆಲಸವೇ ಅಲ್ವಾ?

ಸೂಜಿಮಲ್ಲಿ, ಕುವೆಂಪುನಗರ

ಅಕ್ಕಾ, ಕಣ್ಣು ಉಳೀತಲ್ಲ, ಅದೇ ದೊಡ್ಡದು. ಮಾಮೂಲಿ ಫುಟ್ ಹಾಕಿಕೊಂಡು ಸ್ಕೇಲ್ ಹತ್ತಿರಕ್ಕೂ ತರಬೇಡಿ. ಇದಕ್ಕೇ ರೂಲರ್ ಫುಟ್ ಅಂತ ಬರುತ್ತೆ. ಗುಂಡಗೆ ಪುಟ್ಟ ಬಳೆ ಥರ, ಅಂಚು ಎತ್ತರ. ಹಾಗಾಗಿ ಸ್ಕೇಲ್ ಅದರ ಪಕ್ಕಕ್ಕೆ ಒರಗಿ ನಿಲ್ಲುತ್ತೆ, ಕೆಳಗೆ ನುಗ್ಗಲ್ಲ. ನಿಮ್ಮದು ಲೋ ಶ್ಯಾಂಕ್ ಮಿಷನ್ ಇರಬೇಕು, ಅಂದರೆ ಫುಟ್ ಕಟ್ಟೋ ಜಾಗ ತಗ್ಗಿನಲ್ಲಿರೋದು, ಅದಕ್ಕೆ 3 ಮಿ.ಮೀ. ಸ್ಕೇಲ್ ಸಾಕು. 6 ಮಿ.ಮೀ. ಆ ಜಾಗ ಎತ್ತರ ಇರೋ ಹೈ ಶ್ಯಾಂಕ್ ಮಿಷನ್‌ಗೆ.

ನಾನು ಎಡವಿದ್ದು ಇನ್ನೊಂದು ಕಡೆ. ಚಾಕ್ ಗೆರೆ ಮೇಲೇ ಸ್ಕೇಲ್ ಇಟ್ಟು ಹೊಲಿದೆ. ಹೊಲಿಗೆ ಎಲ್ಲಾ ಗೆರೆ ಬಿಟ್ಟು ಆಚೆ! ಫುಟ್ ಅರ್ಧ ಇಂಚು ಅಗಲ, ಸೂಜಿ ನಟ್ಟನಡುವೆ. ಅಂದರೆ ಹೊಲಿಗೆ ಯಾವಾಗಲೂ ಸ್ಕೇಲ್‌ನಿಂದ ಕಾಲು ಇಂಚು ದೂರಕ್ಕೇ ಬೀಳುತ್ತೆ. ಗೆರೆಯಿಂದ ಕಾಲು ಇಂಚು ಹಿಂದೆ ಇಡಿ.

ಎಡಗೈ ಬೆರಳು ಅಗಲಿಸಿ, ಅರ್ಧ ಸ್ಕೇಲ್ ಮೇಲೆ, ಅರ್ಧ ಬಟ್ಟೆ ಮೇಲೆ. ಎರಡೂ ಒಟ್ಟಿಗೇ ಜರುಗಬೇಕು. ಎರಡು ಮೂರು ಇಂಚು ಹೋದ ಮೇಲೆ ನಿಲ್ಲಿಸಿ. ಸೂಜಿ ಬಟ್ಟೆಯೊಳಗೇ ಇರಲಿ, ಆಮೇಲೆ ಸ್ಕೇಲ್ ಸರಿಸಿ. ಜಾರುತ್ತಿದ್ದರೆ ಸ್ಕೇಲ್ ಅಡಿಗೆ ಸಣ್ಣ ಸ್ಯಾಂಡ್ ಪೇಪರ್ ಚೂರು ಅಂಟಿಸಿ.

ತುಳಿಯೋ ಮಿಷನ್, ಶ್ರೀರಂಗಪಟ್ಟಣ

ನನ್ನದು ಅತ್ತೆಯ ಕಾಲದ ಕಪ್ಪು ಮಿಷನ್. ಎರಡು ಕೈಯೂ ಖಾಲಿ ಇರುತ್ತಲ್ಲ, ಅದೇ ಅನುಕೂಲ. ಇದಕ್ಕೆ ಬಟ್ಟೆಯನ್ನು ನಾವೇ ಜರುಗಿಸಬೇಕಲ್ಲ, ಅಡಿಯಲ್ಲಿ ಬಟ್ಟೆ ಎಳೆಯೋ ಹಲ್ಲು ಇಳಿಸಿಕೊಳ್ಳಿ. ಇಳಿಸಲು ಬರದಿದ್ದರೆ, ಇಸ್ಪೀಟ್ ಎಲೆಗೆ ಸೂಜಿ ಹೋಗುವಷ್ಟು ತೂತು ಮಾಡಿ ಹಲ್ಲಿನ ಮೇಲೆ ಅಂಟಿಸಿ. ಜೋಕರ್ ಎಲೆ ಹೇಗೂ ಯಾರಿಗೂ ಬೇಡ. 3 ಮಿ.ಮೀ. ಆಕ್ರಿಲಿಕ್ ಅನ್ನು ಬೋರ್ಡ್ ಬರೆಯೋ ಅಂಗಡಿಯಲ್ಲಿ ನಕ್ಷೆ ಕೊಟ್ಟರೆ ಕತ್ತರಿಸಿ ಕೊಡುತ್ತಾರೆ. ಅಂಚು ನಯ ಇದೆಯಾ ಅಂತ ಬೆರಳಾಡಿಸಿ ನೋಡಿ ತಗೊಳ್ಳಿ.

ಹಳೇ ಬೇರು, ಸರಸ್ವತಿಪುರಂ

ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯುವುದು ಅಂಚಿನಿಂದ ಒಳಕ್ಕೆ, ಸುತ್ತಿ ಸುತ್ತಿ ನಡುವಿಗೆ ಬರುತ್ತಾರೆ. ಎಲ್ಲಾ ಕೈಹೊಲಿಗೆ. ಮಿಷನ್‌ನಲ್ಲಿ ಹಾಗೆ ಮಾಡಿದರೆ ನಡುವೆ ಬಟ್ಟೆ ಉಬ್ಬಿಕೊಳ್ಳುತ್ತೆ ಕಣಮ್ಮಾ. ನೀನು ನಡುವಿನಿಂದ ಶುರು ಮಾಡು. ಮೊದಲು ಕಚ್ಚಾ ಹೊಲಿಗೆ ಹಾಕಿಕೋ, ಒಂದು ಗೇಣಿಗೊಂದರಂತೆ. ನಾನು ಸೋಮಾರಿತನ ಮಾಡಿ ಪಿನ್ ಚುಚ್ಚಿದ್ದೆ, ಸ್ಕೇಲ್ ಎಲ್ಲಾ ಪಿನ್ನಿಗೂ ತಗಲಿಕೊಂಡಿತು.

ದಾರದುಂಡೆ, ಮಂಡ್ಯ

ಹದಿನೈದು ದಿನ ಆಯಿತು. ಫುಟ್ ಬಂತು, ಇಲ್ಲೇ ನಂಬರ್ ಪ್ಲೇಟ್ ಅಂಗಡಿಯವನು ಸ್ಕೇಲ್ ಕತ್ತರಿಸಿಕೊಟ್ಟ. ಮೊದಲ ದಿನ ಫುಟ್ ಇಳಿಸುವುದನ್ನೇ ಮರೆತು ಹೊಲಿದೆ! ಅಡಿಯಲ್ಲಿ ದಾರ ಗುಬ್ಬಚ್ಚಿ ಗೂಡು ಕಟ್ಟಿತ್ತು. ಒಂದು ಗಂಟೆ ಬಿಚ್ಚಿದ್ದೇ ಕೆಲಸ. ಈಗ ನಡುವಿನ ನಾಲ್ಕು ಬಳ್ಳಿ ಆಗಿವೆ. ಮೂರು ಚೆನ್ನಾಗಿವೆ. ಒಂದು ಅಮ್ಮನ ಹಸಿರು ಸೀರೆ ಮೇಲೆ ಸ್ವಲ್ಪ ಸೊಟ್ಟ, ಬಿಚ್ಚಲು ಮನಸ್ಸಾಗಲಿಲ್ಲ, ಬಿಟ್ಟಿದ್ದೇನೆ.

ಆ 6 ಮಿ.ಮೀ. ಸ್ಕೇಲ್ ಯಾರಿಗಾದರೂ ಬೇಕಾ? ಹೈ ಶ್ಯಾಂಕ್ ಇದ್ದವರು ಮಂಡ್ಯಕ್ಕೆ ಬಂದು ತಗೊಂಡು ಹೋಗಿ. ಕಾಫಿ ನನ್ನದು.