ಬರಿಗಾಲ ಓಟ ಒಳ್ಳೆಯದಾ? ಗುಂಪಿನ ಪ್ರಶ್ನೆಗಳಿಗೆ ಫಿಸಿಯೋ ಮೇಡಂ ಉತ್ತರ

ಅಡ್ಮಿನ್: ಬೆಳಗಿನ ಓಟಕ್ಕೆ ಬರುವ ಕೆಲವರು ಶೂ ಬಿಟ್ಟು ಬರಿಗಾಲಲ್ಲಿ ಓಡಲು ಶುರು ಮಾಡಿದ್ದಾರೆ. ಇನ್ನು ಕೆಲವರು ತೆಳು ಅಟ್ಟೆಯ ಮಿನಿಮಲಿಸ್ಟ್ ಶೂ ತರಿಸಿದ್ದಾರೆ. ಗುಂಪಿನಲ್ಲಿ ದಿನಾ ಇದೇ ಚರ್ಚೆ. ಶಿವಮೊಗ್ಗದಲ್ಲಿ ಕ್ಲಿನಿಕ್ ನಡೆಸುವ ನಮ್ಮ ಫಿಸಿಯೋಥೆರಪಿಸ್ಟ್ ಮೇಡಂ ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಕೇಳುವುದನ್ನು ನೇರವಾಗಿ ಕೇಳಿ. ಮಧ್ಯೆ ಗುಡ್ ಈವನಿಂಗ್ ಫೋಟೋ ಬೇಡ, ದಯವಿಟ್ಟು.

ವಿನೋಬನಗರದಿಂದ: ಮೇಡಂ, ನನಗೆ 38 ವರ್ಷ. ವಾರಕ್ಕೆ ನಾಲ್ಕು ದಿನ 5 ಕಿ.ಮೀ. ಓಡುತ್ತೇನೆ. ಮೂರು ದಾಟಿದ ಮೇಲೆ ಮಂಡಿ ಚಿಪ್ಪಿನ ಸುತ್ತ ನೋವು. ಶೂ ಬಿಸಾಕಿ ಬರಿಗಾಲಲ್ಲಿ ಓಡು, ತಾನೇ ಹೋಗುತ್ತೆ ಅಂತ ಗೆಳೆಯ ಹೇಳುತ್ತಾನೆ. ನಿಜವಾ?

ಫಿಸಿಯೋ: ಅರ್ಧ ನಿಜ.

ದಪ್ಪ ಮೆತ್ತೆಯ ಶೂ ಹಾಕಿದಾಗ ಹೆಚ್ಚಿನವರು ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರಿ ಓಡುತ್ತಾರೆ. ಶೂ ಬಿಚ್ಚಿ ಗಟ್ಟಿ ನೆಲದ ಮೇಲೆ ಹಾಗೇ ಓಡಿ ನೋಡಿ, ನಾಲ್ಕು ಹೆಜ್ಜೆಗೇ ಹಿಮ್ಮಡಿ ಬೇಡ ಅನ್ನುತ್ತದೆ. ಆಗ ಹೆಜ್ಜೆ ತಾನಾಗಿ ಚಿಕ್ಕದಾಗುತ್ತದೆ. ಪಾದದ ಮುಂಭಾಗವೋ ಇಡೀ ಅಂಗಾಲೋ ಮೊದಲು ನೆಲ ಮುಟ್ಟುತ್ತದೆ. ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು 2010ರಲ್ಲಿ ಇದನ್ನು ಅಳೆದು ತೋರಿಸಿದರು. ಬರಿಗಾಲ ಓಟವೇ ರೂಢಿಯಾದವರಲ್ಲಿ ಹೆಚ್ಚಿನವರು ಮುಂಭಾಗ ಊರುತ್ತಾರೆ. ಹಾಗೆ ಊರಿದಾಗ ನೆಲ ತಾಗಿದ ಕ್ಷಣದ ಆ ಗಡಸು ಏಟು ಬಹುಮಟ್ಟಿಗೆ ಕಾಣುವುದಿಲ್ಲ. ಮಂಡಿಗೂ ಭಾರ ಕಡಿಮೆ. ನಿಮ್ಮ ಗೆಳೆಯ ಇಲ್ಲಿವರೆಗೆ ಸರಿ.

ಆದರೆ ಆ ಭಾರ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಮಂಡಿ ಬಿಟ್ಟು ಮೀನಖಂಡದ ಮೇಲೆ, ಹಿಮ್ಮಡಿ ಹಿಂದಿನ ಅಕಿಲಿಸ್ ಟೆಂಡನ್ ಮೇಲೆ, ಪಾದದ ಸಣ್ಣ ಮೂಳೆಗಳ ಮೇಲೆ ಕೂರುತ್ತದೆ. ಇಷ್ಟು ವರ್ಷ ಶೂ ಒಳಗೇ ಇದ್ದ ಪಾದಕ್ಕೆ ಆ ಕೆಲಸ ಗೊತ್ತಿಲ್ಲ. ಬರಿಗಾಲ ಓಟದವರು ನನ್ನ ಹತ್ತಿರ ಮಂಡಿ ತೋರಿಸಲು ಬರುವುದು ಕಡಿಮೆ, ಮೀನಖಂಡ ಹಿಡಿದುಕೊಂಡು ಬರುವುದು ಜಾಸ್ತಿ. ಬರಿಗಾಲಲ್ಲಿ ಓಡಿದರೆ ಒಟ್ಟಾರೆ ಗಾಯ ಕಡಿಮೆ ಎಂದು ಇನ್ನೂ ಸಾಬೀತಾಗಿಲ್ಲ.

ನಿಮಗೆ ನನ್ನ ಸಲಹೆ: ಶೂ ಇರಲಿ, ಮೊದಲು ಹೆಜ್ಜೆ ಎಣಿಸಿ. ಬಲಗಾಲು ಎಷ್ಟು ಸಲ ಊರಿತು ಅಂತ 30 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. 156 ಬಂತು ಅಂದುಕೊಳ್ಳಿ. ವೇಗ ಹೆಚ್ಚಿಸದೆ ಅದನ್ನು 164ರ ಆಸುಪಾಸಿಗೆ ತನ್ನಿ, ಅಂದರೆ ಶೇ. 5ರಷ್ಟು ಜಾಸ್ತಿ. ಹೆಜ್ಜೆ ಗಿಡ್ಡವಾಗುತ್ತದೆ, ಮಂಡಿ ಹಗುರಾಗುತ್ತದೆ. ಬರಿಗಾಲಿನಿಂದ ಮಂಡಿಗೆ ಸಿಗುವ ಲಾಭದಲ್ಲಿ ದೊಡ್ಡ ಪಾಲು ಹೀಗೆ ಶೂ ಹಾಕಿಕೊಂಡೇ ಸಿಗುತ್ತದೆ.

ಗೋಪಾಳದಿಂದ: ಮಿನಿಮಲಿಸ್ಟ್ ಶೂ ಅಂದರೆ ಏನು ಮೇಡಂ? ದುಡ್ಡು ಕೊಡುವಷ್ಟು ವಿಶೇಷ ಇದೆಯಾ?

ಫಿಸಿಯೋ: ಮೂರು ವಿಷಯ ನೋಡಿ. ಅಟ್ಟೆ ತೆಳ್ಳಗಿರಬೇಕು, ಕೈಯಲ್ಲಿ ಸುರುಳಿ ಸುತ್ತುವಷ್ಟು ಬಾಗಬೇಕು, ಹಿಮ್ಮಡಿಗೂ ಬೆರಳಿಗೂ ಎತ್ತರದ ವ್ಯತ್ಯಾಸ ತೀರಾ ಕಡಿಮೆ ಇರಬೇಕು. ಮಾಮೂಲಿ ರನ್ನಿಂಗ್ ಶೂನಲ್ಲಿ ಈ ವ್ಯತ್ಯಾಸ 10-12 ಮಿ.ಮೀ. ತನಕ ಇರುತ್ತದೆ, ಇವುಗಳಲ್ಲಿ ಸೊನ್ನೆಯಿಂದ ನಾಲ್ಕು.

ಒಂದು ಕಥೆ ಹೇಳಲೇಬೇಕು. ಐದು ಬೆರಳಿಗೆ ಐದು ಗೂಡು ಇರುವ ‘ಫೈವ್ ಫಿಂಗರ್ಸ್’ ಶೂ ನೋಡಿರುತ್ತೀರಿ. ಪಾದ ಬಲವಾಗುತ್ತದೆ, ಗಾಯ ಕಡಿಮೆಯಾಗುತ್ತದೆ ಎಂದು ಅದನ್ನು ಮಾರುತ್ತಿದ್ದ ವೈಬ್ರಂ ಕಂಪನಿ ಮೇಲೆ ಅಮೆರಿಕದಲ್ಲಿ 2012ರಲ್ಲಿ ಗ್ರಾಹಕರು ಕೇಸು ಹಾಕಿದರು. ಹೇಳಿದ್ದಕ್ಕೆ ಆಧಾರ ಎಲ್ಲಿ ಎಂಬುದೇ ತಕರಾರು. 2014ರಲ್ಲಿ ಕಂಪನಿ, ತಪ್ಪು ಒಪ್ಪಿಕೊಳ್ಳದೆ, 37.5 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಆ ಶೂ ಕೆಟ್ಟದ್ದು ಅಂತ ಇದರ ಅರ್ಥ ಅಲ್ಲ. ಡಬ್ಬದ ಮೇಲೆ ಬರೆದದ್ದನ್ನೆಲ್ಲ ನಂಬಬೇಡಿ ಅಂತ.

ಸುಮ್ನೆ ದುಡ್ಡು ಸುರಿಯುವ ಮೊದಲು ಶಾಲೆ ಮಕ್ಕಳ ಪಿಟಿ ಕ್ಯಾನ್ವಾಸ್ ಶೂ ಕೈಗೆತ್ತಿಕೊಂಡು ನೋಡಿ. ತೆಳು ರಬ್ಬರ್, ಚೆನ್ನಾಗಿ ಬಾಗುತ್ತದೆ, ಹಿಮ್ಮಡಿ ಎತ್ತರ ಇಲ್ಲ. ಕೊರತೆ ಒಂದೇ, ಮುಂಭಾಗ ಇಕ್ಕಟ್ಟು. ಅದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಹಳೆ ಪೇಪರ್ ಮೇಲೆ ಪೂರ್ತಿ ಭಾರ ಹಾಕಿ ನಿಂತು ಪೆನ್ಸಿಲ್‌ನಲ್ಲಿ ಪಾದದ ಸುತ್ತ ಗೆರೆ ಎಳೆಯಿರಿ. ಆ ಗೆರೆ ಮೇಲೆ ಶೂ ಇಡಿ. ಕಿರುಬೆರಳ ಕಡೆ ಗೆರೆ ಶೂನಿಂದ ಆಚೆ ಕಂಡರೆ ಆ ಶೂ ನಿಮ್ಮದಲ್ಲ, ಎಷ್ಟೇ ಬೆಲೆಯದಾಗಲಿ. ಎಷ್ಟೋ ಜನರ ಆಣಿ, ಹೆಬ್ಬೆರಳ ಗಂಟಿನ ನೋವು ಈ ಪೇಪರ್ ಮೇಲೆ ಗೊತ್ತಾಗಿಬಿಡುತ್ತದೆ.

ಭದ್ರಾವತಿಯಿಂದ: ಮೇಡಂ, ಕಾನ್‌ಸ್ಟೇಬಲ್ ಫಿಸಿಕಲ್‌ಗೆ ತಯಾರಿ ಮಾಡುತ್ತಿದ್ದೇನೆ. 1600 ಮೀಟರ್, 6 ನಿಮಿಷ 30 ಸೆಕೆಂಡ್. ಊರಲ್ಲಿ ಬರಿಗಾಲಲ್ಲೇ ಓಡಿ ಬೆಳೆದವನು. ಈಗ ಎಲ್ಲರೂ ಶೂ ತಗೋ ಅನ್ನುತ್ತಾರೆ.

ಫಿಸಿಯೋ: ಟೆಸ್ಟ್‌ಗೆ ಎಷ್ಟು ದಿನ ಇದೆ ತಮ್ಮಾ? ಒಂದು ತಿಂಗಳ ಒಳಗಿದ್ದರೆ ಏನನ್ನೂ ಬದಲಾಯಿಸಬೇಡಿ. ಹೊಸ ಶೂ ತಂದು ಟೆಸ್ಟ್ ದಿನ ಮೊದಲ ಸಲ ಹಾಕುವುದಂತೂ ಬೇಡವೇ ಬೇಡ. ಕಾಲಿನ ತೂಕಕ್ಕೂ ಲೆಕ್ಕ ಇದೆ: ಒಂದೊಂದು ಶೂಗೆ 100 ಗ್ರಾಂ ಸೇರಿದರೆ ಓಡಲು ಸುಮಾರು ಶೇ. 1ರಷ್ಟು ಹೆಚ್ಚು ಶಕ್ತಿ ಬೇಕು. ಅಗ್ಗದ ದಪ್ಪ ಶೂಗಿಂತ ನಿಮ್ಮ ಬರಿಗಾಲೇ ವಾಸಿ. ಸಮಯ ಇದ್ದರೆ ಹಗುರ ಶೂ ಒಂದು ರೂಢಿ ಮಾಡಿಕೊಳ್ಳಿ. ಮೈದಾನದಲ್ಲಿ ಜಲ್ಲಿ ಇದ್ದರೆ ಬೇಕಾಗುತ್ತದೆ.

ತೀರ್ಥಹಳ್ಳಿಯಿಂದ: ನಮ್ಮ ಅಜ್ಜ ಜೀವಮಾನ ಪೂರ್ತಿ ಬರಿಗಾಲಲ್ಲಿ ತೋಟ, ಗದ್ದೆ ಸುತ್ತಿದರು. ಮಂಡಿ ನೋವು ಅಂತ ಒಂದು ದಿನ ಹೇಳಿದವರಲ್ಲ. ಕಂಬಳದವರು ಬರಿಗಾಲಲ್ಲೇ ಓಡುವುದಲ್ವಾ? ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲಿ ಒಲಿಂಪಿಕ್ ಮ್ಯಾರಥಾನ್‌ನೇ ಗೆದ್ದರು. ನಿಮ್ಮ ಮಾತು ಶೂ ಅಂಗಡಿಯವರ ಮಾತಿನ ಹಾಗಿದೆ ಮೇಡಂ, ಬೇಜಾರಾಗಬೇಡಿ.

ಫಿಸಿಯೋ: ಬೇಜಾರಿಲ್ಲ ಅಣ್ಣ. ಶೂ ಬಿಟ್ಟರೂ ನೋವು, ಹಾಕಿದರೂ ನೋವು, ನನ್ನ ಅಂಗಡಿ ಹೇಗೂ ನಡೆಯುತ್ತದೆ.

ಬಿಕಿಲಾ 1960ರಲ್ಲಿ ರೋಮ್‌ನಲ್ಲಿ ಬರಿಗಾಲಲ್ಲಿ ಗೆದ್ದದ್ದು ನಿಜ, 2 ಗಂಟೆ 15 ನಿಮಿಷ 16 ಸೆಕೆಂಡ್. ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಅವರೇ ಶೂ ಹಾಕಿ 2:12:11ಕ್ಕೆ ಮುಗಿಸಿ ಮತ್ತೆ ಚಿನ್ನ ಗೆದ್ದರು. ಎರಡೂ ಸಲ ಗೆದ್ದದ್ದು ಬಿಕಿಲಾ. ಇದರಲ್ಲಿ ಶೂ ಪರವೂ ವಿರೋಧವೂ ಏನೂ ಸಿಗುವುದಿಲ್ಲ.

ಕಂಬಳ ಬೇರೆಯೇ ಲೆಕ್ಕ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಓಡಿದ್ದು 13.62 ಸೆಕೆಂಡಿನಲ್ಲಿ, ಕೆಸರಿನಲ್ಲಿ, ಕೋಣಗಳ ಜೊತೆ. ನೂರು ಅಡಿ ರಸ್ತೆಯ ಟಾರಿನ ಮೇಲೆ ಒಂದು ಗಂಟೆ ಓಡುವವರಿಗೆ ಅದರಿಂದ ಕಲಿಯುವುದು ಕಡಿಮೆ.

ಅಜ್ಜನ ವಿಷಯದಲ್ಲಿ ಮಾತ್ರ ನಿಮ್ಮ ಕಡೆಗೇ ನಾನು. ಇಲ್ಲೇ ಘಾಟಿ ಕೆಳಗೆ, ಮಣಿಪಾಲದ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು 4ರಿಂದ 13 ವರ್ಷದ 2,300 ಮಕ್ಕಳ ಪಾದ ನೋಡಿ 1992ರಲ್ಲಿ ಪ್ರಕಟಿಸಿದರು. ಚಪ್ಪಟೆ ಪಾದ ಕಂಡದ್ದು ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6, ಬರಿಗಾಲಲ್ಲಿ ಓಡಾಡುವ ಮಕ್ಕಳಲ್ಲಿ ಶೇ. 2.8. ಅದರಲ್ಲೂ ಮುಚ್ಚಿದ ಶೂ ಹಾಕುವವರಲ್ಲಿ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ಚಿಕ್ಕಂದಿನಲ್ಲಿ ಬರಿಗಾಲಲ್ಲಿ ಆಡಿದರೆ ಪಾದದ ಕಮಾನು ಗಟ್ಟಿಯಾಗುತ್ತದೆ ಎಂದು ನಂಬಲು ಇದು ಒಳ್ಳೆ ಕಾರಣ. ಮಕ್ಕಳನ್ನು ಅಂಗಳದಲ್ಲಿ ಬರಿಗಾಲಲ್ಲಿ ಬಿಡಿ ಅಂತ ನಾನೇ ಹೇಳುತ್ತೇನೆ. ಅಜ್ಜನ ಪಾದ ಹಾಗೆ ಎಳೆತನದಿಂದ ಪಳಗಿದ್ದು. ಅಲ್ಲದೆ ಅವರು ನಡೆದದ್ದು, ತೋಟದ ಮೆತ್ತನೆ ಮಣ್ಣಿನಲ್ಲಿ. ನಲವತ್ತಕ್ಕೆ ಶೂ ಬಿಚ್ಚಿ ಓಡುವವರಿಗೆ ಆ ಪಾದ ಎಲ್ಲಿಂದ ಬರಬೇಕು?

ಇನ್ನೊಂದು. ಅಜ್ಜನ ಕಾಲದಲ್ಲಿ ಕೊಕ್ಕೆಹುಳು ಸಾಮಾನ್ಯವಾಗಿತ್ತು. ಮಲ ಸೇರಿದ, ನೆರಳಿನ ಒದ್ದೆ ಮಣ್ಣಿನಲ್ಲಿ ಅದರ ಮರಿ ಬೆಳೆಯುತ್ತದೆ, ಬೆರಳ ಸಂದಿಯ ಚರ್ಮ ಕೊರೆದು ಒಳಗೆ ಹೋಗುತ್ತದೆ. ಮೊದಲು ಅಲ್ಲಿ ತುರಿಕೆ. ಆಮೇಲೆ ಕರುಳು ಸೇರಿ ರಕ್ತ ಹೀರುತ್ತದೆ. ಬರಿಗಾಲಲ್ಲಿ ಮಣ್ಣಿನಲ್ಲಿ ಓಡಾಡುವವರಿಗೆ ಸುಸ್ತು, ಮುಖ ಬಿಳಿಚಿಕೊಳ್ಳುವುದು ಇದ್ದರೆ ಹಿಮೋಗ್ಲೋಬಿನ್ ನೋಡಿಸಿ. ಮಾತ್ರೆಗೆ ಹೋಗುವ ಕಾಯಿಲೆ ಇದು, ಆದರೆ ಗೊತ್ತಾಗಬೇಕಲ್ಲ.

ಸಾಗರದಿಂದ: ಮಳೆಗಾಲದಲ್ಲಿ ಬರಿಗಾಲಲ್ಲಿ ಕಾಡು ದಾರಿಯಲ್ಲಿ ಓಡಬಹುದಾ?

ಫಿಸಿಯೋ: ಬೇಡ. ಒದ್ದೆ ಜಂಬಿಟ್ಟಿಗೆ ಪಾಚಿ ಹಿಡಿದರೆ ಯಾವ ಪಾದವೂ ನಿಲ್ಲುವುದಿಲ್ಲ. ಇಂಬಳ ಹತ್ತಿದರೆ ಹೋಗಲಿ, ಕೆಸರುಹುಣ್ಣು ಆದರೆ ವಾರಗಟ್ಟಲೆ ಕಾಡುತ್ತದೆ. ಮಳೆ ಹೋದ ಮೇಲೂ ಕಾಡಿನ ದಾರಿಗೆ ಬರಿಗಾಲು ಬೇಡ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆ ಕಾಲ. 1957ರಲ್ಲಿ ಅದು ಮೊದಲು ಗುರುತಾದದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗು ತರಗೆಲೆಯಲ್ಲೇ ಇರುತ್ತದೆ. ಆಗ ಬೇಕಾದದ್ದು ಉದ್ದ ಸಾಕ್ಸ್, ಪೂರ್ತಿ ಪ್ಯಾಂಟು, ಉಣುಗು ಹತ್ತದಂತೆ ಹಚ್ಚುವ ಡೆಪಾ ಎಣ್ಣೆ. ಮನೆಗೆ ಬಂದು ಬಿಸಿನೀರ ಸ್ನಾನ, ಮೈಯೆಲ್ಲ ಹುಡುಕುವುದು. ನಸುಕಿನ ಕತ್ತಲಲ್ಲಿ ಕೊಳಕುಮಂಡಲದ ಭಯ ಬೇರೆ.

ಮುಳ್ಳು, ಮೊಳೆ ಚುಚ್ಚಿದರೆ, ಟಿಟಿ ಹಾಕಿಸಿ ಐದು ವರ್ಷ ದಾಟಿದ್ದರೆ ಅವತ್ತೇ ಹಾಕಿಸಿಕೊಳ್ಳಿ.

ಹೊಸನಗರದಿಂದ: ನನಗೆ 52, ಎಂಟು ವರ್ಷದಿಂದ ಶುಗರ್ ಇದೆ. ಬರಿಗಾಲಲ್ಲಿ ಹುಲ್ಲಿನ ಮೇಲೆ ನಡೆದರೆ ಒಳ್ಳೇದು ಅಂತಾರಲ್ಲ?

ಫಿಸಿಯೋ: ಬೇಡ ಸರ್. ಶುಗರ್‌ನಿಂದ ಅಂಗಾಲಿನ ಸ್ಪರ್ಶ ಕಡಿಮೆಯಾಗಿದ್ದರೆ ಮುಳ್ಳು ಮುರಿದದ್ದೂ ತಿಳಿಯುವುದಿಲ್ಲ. ಆ ಸಣ್ಣ ಗಾಯವೇ ಬೆಳೆದು ಬೆರಳು ತೆಗೆಯುವ ಹಂತಕ್ಕೆ ಹೋಗುತ್ತದೆ. ನಿಮಗೆ ಮೆತ್ತನೆ ಅಟ್ಟೆಯ, ಅಗಲದ ಶೂ. ರಾತ್ರಿ ಮಲಗುವ ಮುಂಚೆ ಕನ್ನಡಿ ನೆಲಕ್ಕಿಟ್ಟು ಅಂಗಾಲು ನೋಡಿಕೊಳ್ಳುವುದು.

ಗಾಂಧಿನಗರದಿಂದ: ನನಗೆ ನೋವು ಏನೂ ಇಲ್ಲ, ಬರಿಗಾಲ ಓಟ ಆಸೆ. ಹೇಗೆ ಶುರು ಮಾಡಲಿ?

ಫಿಸಿಯೋ: ಆಸೆ ಒಳ್ಳೆಯದೇ. ಪಾದದ ಒಳಗಿನ ಸಣ್ಣ ಸ್ನಾಯುಗಳು ಬಲವಾಗುತ್ತವೆ, ನೆಲ ಎಂಥದು ಅಂತ ಕಾಲಿಗೆ ತಿಳಿಯುತ್ತದೆ. ಅವಸರ ಮಾತ್ರ ಬೇಡ.

ಮೆಟ್ಟಿಲ ಅಂಚಿನಲ್ಲಿ ಒಂಟಿ ಕಾಲಲ್ಲಿ ನಿಂತು ಹಿಮ್ಮಡಿ ಕೆಳಗಿಳಿಸಿ ಮೇಲೆತ್ತಿ. ಒಂದೊಂದು ಕಾಲಿಗೆ ಇಪ್ಪತ್ತು ಸಲ ಆರಾಮಾಗಿ ಆಗುವ ತನಕ ಓಟದ ಮಾತು ಬೇಡ. ಮೊದಲ ಎರಡು ಮೂರು ವಾರ ಬರೀ ನಡಿಗೆ. ಆಮೇಲೆ ಮಾಮೂಲಿ ಓಟ ಮುಗಿಯುವ ಹೊತ್ತಿಗೆ ಶೂ ಬಿಚ್ಚಿ ಐದು ನಿಮಿಷ, ದಿನ ಬಿಟ್ಟು ದಿನ. ವಾರಕ್ಕೆ ಒಂದೆರಡು ನಿಮಿಷ ಸೇರಿಸಿ. ಮಾರನೇ ದಿನ ಮೀನಖಂಡ ಬಿಗಿದಿದ್ದರೆ ಅವತ್ತು ರಜೆ. ಮೂರು ಕಿಲೋಮೀಟರ್ ಮುಟ್ಟಲು ಮೂರು ತಿಂಗಳಾದರೂ ಬೇಕು.

ಮುಂಗಾಲಲ್ಲೇ ಊರಬೇಕು ಅಂತ ಹಟ ಮಾಡಬೇಡಿ. ತುದಿಗಾಲಲ್ಲಿ ಓಡಿದವರೇ ಬೇಗ ನೋವು ಮಾಡಿಕೊಳ್ಳುವುದು. ಸಪ್ಪಳ ಕೇಳಿಸಿಕೊಳ್ಳಿ. ಧಪ್ ಧಪ್ ಅಂದರೆ ಹೆಜ್ಜೆ ಉದ್ದ ಆಗಿದೆ. ಜಾಗ ಅಂದರೆ, ಹುಲ್ಲಿಗಿಂತ ನನಗೆ ಗುಡಿಸಿದ ಸಮತಟ್ಟು ನೆಲ ಇಷ್ಟ. ಹುಲ್ಲಿನ ಒಳಗೆ ನಾಚಿಕೆಮುಳ್ಳು, ಬಾಟಲಿ ಚೂರು ಯಾವುದೂ ಕಾಣುವುದಿಲ್ಲ.

ಶಿಕಾರಿಪುರದಿಂದ: ಮೇಡಂ, ಮೂರು ವಾರದಿಂದ ತೆಳು ಶೂನಲ್ಲಿ ದಿನಾ 6 ಕಿ.ಮೀ. ಓಡುತ್ತಿದ್ದೇನೆ. ನಾಲ್ಕು ದಿನದಿಂದ ಪಾದದ ಮೇಲ್ಭಾಗದಲ್ಲಿ ನೋವು, ಸ್ವಲ್ಪ ಊತ. ಎಕ್ಸ್‌ರೇ ನಾರ್ಮಲ್ ಬಂತು. ಓಡಬಹುದಲ್ವಾ?

ಫಿಸಿಯೋ: ಓಡಬೇಡಿ. ಎರಡನೇ, ಮೂರನೇ ಬೆರಳಿನ ಹಿಂದಿನ ಉದ್ದ ಮೂಳೆ ಮೇಲೆ ಒಂದೇ ಬೆರಳಲ್ಲಿ ಒತ್ತುತ್ತಾ ಬನ್ನಿ. ಒಂದು ಚುಕ್ಕೆಯಷ್ಟು ಜಾಗದಲ್ಲಿ ಜೀವ ಹೋಗುವಂತೆ ನೋಯುತ್ತಾ?

ಶಿಕಾರಿಪುರದಿಂದ: ಹೌದು. ಮೂರನೆಯದರ ಮೇಲೆ, ಅಲ್ಲೊಂದೇ ಕಡೆ.

ಫಿಸಿಯೋ: ಹಾಗಾದರೆ ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು. ಮೊದಲ ಎರಡು ಮೂರು ವಾರ ಅದು ಎಕ್ಸ್‌ರೇಯಲ್ಲಿ ಕಾಣದೇ ಇರುವುದೇ ಹೆಚ್ಚು. 2013ರಲ್ಲಿ ಅಮೆರಿಕದಲ್ಲಿ 36 ಅನುಭವಿ ಓಟಗಾರರನ್ನು ತಗೊಂಡು, 19 ಜನರನ್ನು 10 ವಾರದಲ್ಲಿ ಐದು ಬೆರಳಿನ ಶೂಗೆ ಬದಲಿಸಿ ಎಂಆರ್‌ಐ ಮಾಡಿ ನೋಡಿದರು. 10 ಜನರ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. ಅವರು ನಿಧಾನವಾಗಿಯೇ ಹೆಚ್ಚಿಸಿದವರು. ನೀವು ಒಂದೇ ಏಟಿಗೆ ದಿನಾ ಆರು ಕಿಲೋಮೀಟರ್ ಹಾಕಿದ್ದೀರಿ.

ನಾಳೆಯೇ ಮೂಳೆ ಡಾಕ್ಟರಿಗೆ ತೋರಿಸಿ, ಎಂಆರ್‌ಐ ಬೇಕಾ ಕೇಳಿ. ಅಲ್ಲಿವರೆಗೆ ಗಟ್ಟಿ ಅಟ್ಟೆಯ ಶೂ, ಆದಷ್ಟು ಕಡಿಮೆ ನಡಿಗೆ. ಸಾಮಾನ್ಯವಾಗಿ ಆರರಿಂದ ಎಂಟು ವಾರದಲ್ಲಿ ಕೂಡುತ್ತದೆ. ಈಗ ಓಡಿದರೆ ಬಿರುಕು ಪೂರ್ತಿ ಮುರಿತ ಆಗಬಹುದು.

ಶಿಕಾರಿಪುರದಿಂದ: ಸರಿ ಮೇಡಂ. ಆದರೆ ಈ ಭಾನುವಾರ 10 ಕಿ.ಮೀ.ಗೆ ಹೆಸರು ಕೊಟ್ಟಾಗಿದೆ...

ಫಿಸಿಯೋ: ಅಡ್ಮಿನ್, ಇವರ ಹೆಸರು ತೆಗೆದು ನೀರು ಕೊಡುವ ಟೇಬಲ್‌ಗೆ ಹಾಕಿ. ಕೂರಲು ಕುರ್ಚಿಯೂ ಇರಲಿ.