ಡಿಎಸ್‌ಡಿಎನ್‌ಎ ಏರಿದೆ, ಸಿ3 ಇಳಿದಿದೆ, ಆದ್ರೂ ನಾನು ಆರಾಮಾಗಿದ್ದೀನಿ!

ಪ್ರಶ್ನೆ:
ನನಗೆ ಲೂಪಸ್ ಇದೆ, ಅಂದ್ರೆ ರೋಗನಿರೋಧಕ ಶಕ್ತಿ ನಮ್ಮ ಮೈಮೇಲೇ ತಿರುಗಿಬೀಳೋ ಕಾಯಿಲೆ. ಅದಕ್ಕೆ ಕೊಟ್ಟಿರೋ ಹೈಡ್ರಾಕ್ಸಿಕ್ಲೋರೋಕ್ವಿನ್ ತಪ್ಪದೆ ತಗೋತೀನಿ. ಈ ಸಲದ ರಿಪೋರ್ಟ್‌ನಲ್ಲಿ ಆಂಟಿ-ಡಿಎಸ್‌ಡಿಎನ್‌ಎ (ನಮ್ಮದೇ ಡಿಎನ್‌ಎ ವಿರುದ್ಧದ ಆಂಟಿಬಾಡಿ) ಜಾಸ್ತಿ, ರಕ್ತದ ಕಾಂಪ್ಲಿಮೆಂಟ್ ಅನ್ನೋ ರಕ್ಷಣಾ ಪ್ರೋಟೀನುಗಳಾದ ಸಿ3, ಸಿ4 ಎರಡೂ ಕಮ್ಮಿ. ಕೀಲುನೋವಿಲ್ಲ, ಕೆನ್ನೆ ಕೆಂಪಾಗಿಲ್ಲ, ಬಾಯಿಹುಣ್ಣೂ ಇಲ್ಲ. ಡಾಕ್ಟರು ಮಾತ್ರೆ ಬದಲಿಸದೆ, "ಮೂತ್ರ ಪರೀಕ್ಷೆ ಮಾಡಿಸಿ, ನೋಡೋಣ" ಅಂದ್ರು. ರಕ್ತದಲ್ಲಿ ಗಲಾಟೆ, ಮೈಯಲ್ಲಿ ಏನೂ ಇಲ್ಲ. ಇದ್ಯಾವ ಲೆಕ್ಕ?

ಉತ್ತರ 1:
ನಾನೂ ವರ್ಷಗಟ್ಟಲೆ ಹೀಗೇ ಇದ್ದೀನಿ. ಆಂಟಿಬಾಡಿಗಳು ಡಿಎನ್‌ಎಗೆ ಅಂಟಿ ಗುಂಪು ಕಟ್ಟಿದಾಗ ಕಾಂಪ್ಲಿಮೆಂಟ್ ಪ್ರೋಟೀನುಗಳು ಖರ್ಚಾಗ್ತವೆ. ಅದಕ್ಕೇ ಒಂದು ಏರಿದಾಗ ಇನ್ನೊಂದು ಇಳಿಯೋದು. ಆ ಗುಂಪುಗಳು ಕಿಡ್ನಿಯ ಸೋಸುಜಾಲದಲ್ಲಿ ಕೂತರೂ ಶುರುವಿನಲ್ಲಿ ನೋವೇ ಇರಲ್ಲ, ತೊಂದರೆ ಇರೋದು ಅಲ್ಲೇ. ಹಾಗಾಗಿ ಮೂತ್ರದ ಪ್ರೋಟೀನ್-ಕ್ರಿಯೇಟಿನಿನ್ ಅನುಪಾತ ಬಿಡಬೇಡಿ. ಅದು 0.5 ದಾಟಿದ್ರೆ ಬಯಾಪ್ಸಿ (ಕಿಡ್ನಿಯ ಚೂರು ತೆಗೆದು ಪರೀಕ್ಷಿಸೋದು) ಮಾತು ಬರಬಹುದು. ಲೂಪಸ್ ಎಷ್ಟು ಕೆರಳಿದೆ ಅಂತ ಅಳೆಯೋ ಸ್ಲೆಡೈ ಅಂಕಪಟ್ಟಿಯಲ್ಲೂ ಡಿಎಸ್‌ಡಿಎನ್‌ಎಗೆ 2, ಕಮ್ಮಿ ಕಾಂಪ್ಲಿಮೆಂಟಿಗೆ 2, ಮೂತ್ರದ ಪ್ರೋಟೀನಿಗೆ 4. ಬರೀ ರಕ್ತದ ಅಂಕಿ ನೋಡಿ ಸ್ಟೀರಾಯ್ಡ್ ಏರಿಸದ ಡಾಕ್ಟರು ಸಿಕ್ಕಿದ್ದು ಒಳ್ಳೇದೇ ಆಯ್ತು ಅಂತೀನಿ.

ಉತ್ತರ 2:
ಎಎನ್‌ಎ ಅನ್ನೋ ಆಂಟಿಬಾಡಿ ಪರೀಕ್ಷೆ ಪದೇಪದೇ ಮಾಡಿಸೋರನ್ನ ಕಂಡ್ರೆ ನನಗೆ ಸಿಟ್ಟು. ಅದು ರೋಗಪತ್ತೆಗಷ್ಟೇ, ಏರಿಳಿತ ಹೇಳಲ್ಲ. ಇನ್ನೊಂದು: ಇಎಸ್‌ಆರ್, ಸಿಆರ್‌ಪಿ ಎರಡೂ ಉರಿಯೂತ ತೋರಿಸೋ ರಕ್ತಪರೀಕ್ಷೆಗಳು. ಲೂಪಸ್ ಕೆರಳಿದಾಗ ಇಎಸ್‌ಆರ್ ಏರಿದ್ರೂ ಸಿಆರ್‌ಪಿ ಹೆಚ್ಚಾಗಿ ಸುಮ್ಮನಿರುತ್ತೆ. ಜ್ವರದ ಜೊತೆ ಸಿಆರ್‌ಪಿ ತುಂಬಾ ಜಾಸ್ತಿಯಾದ್ರೆ ಮೊದಲು ಸೋಂಕು ಇದೆಯಾ ನೋಡಿಸಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ನಾಳೆ ಬೆಳಗಿನ ಮೊದಲ ಮೂತ್ರವನ್ನೇ ಕೊಟ್ಟು ಬರ್ತೀನಿ. ಹಳೇ ಸಿ3 ರಿಪೋರ್ಟುಗಳನ್ನೂ ಒಂದೇ ಲ್ಯಾಬಿನವು ಅಂತ ನೋಡಿ ಜೋಡಿಸ್ತೀನಿ.